ಆಸ್ಪತ್ರೆಯಲ್ಲಿ ಕೇಳುವ ಇಂಗ್ಲಿಷ್ ಶಬ್ದಗಳು: ಮನಸ್ಸಿನದೋ, ದೇಹದ್ದೋ?



ಆಸ್ಪತ್ರೆಯಲ್ಲಿ ಕಿವಿಗೆ ಬೀಳುವ ಕೆಲವು ಇಂಗ್ಲಿಷ್ ಶಬ್ದಗಳನ್ನು ನಾವು ಮನೆಯಲ್ಲಿಯೂ ದಿನಾ ಆಡುತ್ತೇವೆ. ಆದರೆ ಮನೆಯಲ್ಲಿ ಅವುಗಳಿಗೆ ಒಂದು ಅರ್ಥ, ವೈದ್ಯರ ಬಾಯಲ್ಲಿ ಇನ್ನೊಂದು ಅರ್ಥ. ಈ ವ್ಯತ್ಯಾಸ ತಿಳಿಯದಿದ್ದರೆ ಜೀವಕ್ಕೇ ತೊಂದರೆ ಆಗಬಹುದು. ಅಂಥ ಐದು ಶಬ್ದಗಳನ್ನು ಇಲ್ಲಿ ತಿಳಿಸಲಾಗಿದೆ.

1. ಹೈಪರ್‌ಟೆನ್ಶನ್: 'ಟೆನ್ಶನ್' ಎಂದರೆ ಮೂಲದಲ್ಲಿ ಎಳೆತ, ಬಿಗಿತ. ಚಿಂತೆಯಿಂದ ಮನಸ್ಸು ಬಿಗಿಯಾದರೆ ಟೆನ್ಶನ್ ಎನ್ನುತ್ತೇವೆ. ಆದರೆ ಚೀಟಿಯಲ್ಲಿ 'ಹೈಪರ್‌ಟೆನ್ಶನ್' ಎಂದು ಬರೆದಿದ್ದರೆ ಬಿ.ಪಿ. ಹೆಚ್ಚಾಗಿದೆ ಎಂದಷ್ಟೇ ಅರ್ಥ. "ಮಗಳ ಮದುವಿ ಆತ್ರಿ, ಈಗ ನನಗ ಯಾವ ಟೆನ್ಶನ್ನೂ ಇಲ್ರಿ" ಎಂದು ಗುಳಿಗೆ ಬಿಡುವವರಿದ್ದಾರೆ. ಶಾಂತ ಸ್ವಭಾವದವರಿಗೂ ಬಿ.ಪಿ. ಬರುತ್ತದೆ, ಹೆಚ್ಚಿನವರಿಗೆ ಯಾವ ಲಕ್ಷಣವೂ ತೋರುವುದಿಲ್ಲ. ಗುಳಿಗೆ ಬಿಟ್ಟರೆ ಲಕ್ವ, ಹೃದಯಾಘಾತ, ಮೂತ್ರಪಿಂಡದ ತೊಂದರೆ ಬರಬಹುದು.

2. ಶಾಕ್: ಕೆಟ್ಟ ಸುದ್ದಿ ಕೇಳಿ ಗಾಬರಿಯಾದರೆ ಶಾಕ್ ಆಯಿತು ಎನ್ನುತ್ತೇವೆ. ಆದರೆ "ರೋಗಿ ಶಾಕ್‌ನಲ್ಲಿದ್ದಾರೆ" ಎಂದು ವೈದ್ಯರು ಹೇಳಿದರೆ, ದೇಹದ ಅಂಗಗಳಿಗೆ ಸಾಕಷ್ಟು ರಕ್ತ ತಲುಪುತ್ತಿಲ್ಲ, ಸ್ಥಿತಿ ಗಂಭೀರವಾಗಿದೆ ಎಂದರ್ಥ. ಆಗ "ಧೈರ್ಯ ಹೇಳಿದರೆ ಸರಿಹೋಗುತ್ತಾರೆ" ಎಂದುಕೊಂಡು ಚಿಕಿತ್ಸೆಗೆ ತಡ ಮಾಡಬಾರದು.

3. ಕನ್‌ಫ್ಯೂಷನ್: ದಿನಬಳಕೆಯಲ್ಲಿ ಇದು ಗೊಂದಲ. ವಾರ್ಡಿನಲ್ಲಿ ಇದರ ಅರ್ಥ ಬೇರೆ. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜ ಇಂದು ಮಗನನ್ನೇ ಗುರುತಿಸದೆ, ಸಂಬಂಧವಿಲ್ಲದ ಮಾತಾಡಿದರೆ ಅದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಸೋಂಕು, ರಕ್ತದಲ್ಲಿ ಉಪ್ಪಿನಂಶ ಅಥವಾ ಸಕ್ಕರೆ ಇಳಿದಿರುವುದು, ಲಕ್ವ, ಕೆಲವು ಔಷಧಿಗಳು ಇದಕ್ಕೆ ಕಾರಣವಾಗಬಹುದು. ಕೂಡಲೇ ದಾದಿಯರಿಗೆ ತಿಳಿಸಿರಿ. ಅನೇಕರಲ್ಲಿ ಮೂಲ ಕಾರಣ ಗುಣವಾದರೆ ಬುದ್ಧಿ ತಿಳಿಯಾಗುತ್ತದೆ.

4. ಡಿಪ್ರೆಶನ್: ಈ ಶಬ್ದಕ್ಕೆ 'ಕೆಳಕ್ಕೆ ಅದುಮುವುದು' ಎಂಬ ಮೂಲಾರ್ಥವಿದೆ. ಒಂದು ದಿನದ ಬೇಸರಕ್ಕೆ ವೈದ್ಯರು ಡಿಪ್ರೆಶನ್ ಎನ್ನುವುದಿಲ್ಲ. ಎರಡು ವಾರ ಅಥವಾ ಹೆಚ್ಚು ಕಾಲ ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ, ಹಸಿವು ಕೆಟ್ಟು, ಸುಸ್ತಾಗಿ ದಿನದ ಕೆಲಸ ನಿಂತರೆ ಅದು ಕಾಯಿಲೆ. ಸೋಮಾರಿತನ ಎಂದು ಬೈಯಬೇಡಿ. ಗುಳಿಗೆಯ ಪರಿಣಾಮ ತಿಳಿಯಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ "ಗುಣ ಕಾಣಲಿಲ್ಲ" ಎಂದು ಬಿಡಬಾರದು. "ಬದುಕು ಸಾಕಾಗಿದೆ" ಎಂದರೆ ಹಗುರವಾಗಿ ತೆಗೆದುಕೊಳ್ಳದೆ, ಸಾಯುವ ಯೋಚನೆ ಇದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಿರಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆತನ್ನಿರಿ.

5. ಮೆಂಟಲ್: ಇದನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ನಿಜವಾದ ಅರ್ಥ 'ಮನಸ್ಸಿಗೆ ಸಂಬಂಧಿಸಿದ' ಎಂದಷ್ಟೇ. ಈ ಬೈಗುಳಕ್ಕೆ ಅಂಜಿ ಎಷ್ಟೋ ಜನ ಚಿಕಿತ್ಸೆಯಿಂದ ದೂರ ಉಳಿಯುತ್ತಾರೆ. ಸೈಕಿಯಾಟ್ರಿಸ್ಟ್ ಎಂದರೆ ಮನೋರೋಗಕ್ಕೆ ಔಷಧಿ ಕೊಡುವ ವೈದ್ಯರು. ಸೈಕಾಲಜಿಸ್ಟ್ ಎಂದರೆ ಮಾತುಕತೆ, ಪರೀಕ್ಷೆಗಳ ಮೂಲಕ ನೆರವಾಗುವ ತಜ್ಞರು. ಅವರ ಬಳಿ ಹೋದವರೆಲ್ಲ ಹುಚ್ಚರಲ್ಲ. ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಕೊನೆಯದಾಗಿ ಒಂದು ಮಾತು. ಬಸವಾದಿ ಶರಣರು ಅಂತರಂಗದ ಅನುಭವವನ್ನು ಜನರ ಕನ್ನಡದಲ್ಲಿಯೇ ಹೇಳಿದರು. ತಾವೂ ವೈದ್ಯರ ಮುಂದೆ ಇಂಗ್ಲಿಷ್ ಶಬ್ದಕ್ಕೆ ತಡಕಾಡಬೇಕಿಲ್ಲ. "ಎದಿ ಭಾರ ಆಗೇತ್ರಿ, ರಾತ್ರಿ ನಿದ್ದಿ ಇಲ್ರಿ" ಎಂದರೆ ಸಾಕು. ವೈದ್ಯರ ಮಾತು ತಿಳಿಯದಿದ್ದರೆ "ಕನ್ನಡದಾಗ ಹೇಳ್ರಿ" ಎಂದು ಕೇಳಿರಿ. ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಎಲ್ಲರಿಗೂ ಬೇಗ ಆರೋಗ್ಯ ದೊರೆಯಲಿ. ಶರಣು.