ತಾಯಿ ಹಂದಿಯ ಬಾಳಿಕೆ: ತಳಿಶಾಸ್ತ್ರ ಮತ್ತು ಒಂದಿಷ್ಟು ಲೆಕ್ಕ

ಬಾಬಾಬುಡನ್‌ಗಿರಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕಾಫಿ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ತೋಟದ ಜೊತೆಗೆ ನಾಲ್ಕಾರು ಹಂದಿ ಸಾಕುವವರೂ ಇದ್ದಾರೆ. ಅಂಥವರು ಹೆಣ್ಣು ಮರಿ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಇದರ ತಾಯಿ ಒಂದು ಸಲಕ್ಕೆ ಎಷ್ಟು ಮರಿ ಹಾಕಿತ್ತು?" ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ಎಷ್ಟು ಸೂಲು ಬಾಳಿತು?"

ಮೊದಲು ಲೆಕ್ಕ ನೋಡೋಣ. ಹೆಣ್ಣು ಹಂದಿ ಮೊದಲ ಸಲ ಮರಿ ಹಾಕುವ ಹೊತ್ತಿಗೆ ಸುಮಾರು ಒಂದು ವರ್ಷ ಆಗಿರುತ್ತೆ. ಅಲ್ಲಿಯವರೆಗೆ ಅದು ತಿಂದದ್ದೆಲ್ಲ ಬಂಡವಾಳ. ಈ ಖರ್ಚು 16 ಮರಿಗಳ ಬೆಲೆಗೆ ಸಮ ಅಂತ ಇಟ್ಟುಕೊಳ್ಳಿ. ಒಂದು ಹಂದಿ ಸೂಲಿಗೆ 11ರಂತೆ ಮರಿ ಕೊಟ್ಟು ಎರಡೇ ಸೂಲಿಗೆ ಹಿಂಡು ಬಿಟ್ಟಿತು: ಒಟ್ಟು 22. ಇನ್ನೊಂದು ಸೂಲಿಗೆ 9ರಂತೆ ಆರು ಸೂಲು ಬಾಳಿತು: ಒಟ್ಟು 54. ಮೊದಲನೆಯದರಲ್ಲಿ ಪ್ರತಿ ಮರಿಯ ಮೇಲೆ 0.73 ಮರಿಯ ಬೆಲೆಯಷ್ಟು ಬಂಡವಾಳದ ಹೊರೆ, ಎರಡನೆಯದರಲ್ಲಿ 0.30 ಮಾತ್ರ. "ಒಳ್ಳೇ ಹಂದಿ" ಯಾವುದು ಅಂತ ಈಗ ಹೇಳಿ!

ಹಾಗಾದರೆ ಬಾಳಿಕೆ ಬರುವ ಹಂದಿಗಳನ್ನೇ ಆರಿಸಿ ತಳಿ ಬೆಳೆಸಿದರಾಯ್ತಲ್ಲ? ಇಲ್ಲಿ ಮೂರು ತೊಡಕುಗಳಿವೆ.

ಒಂದು, ಅನುವಂಶೀಯತೆಯ ಪ್ರಮಾಣ ಕಡಿಮೆ. ಹಂದಿಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ತಂದೆ-ತಾಯಿಯಿಂದ ಮಕ್ಕಳಿಗೆ ದಾಟುವ ಭಾಗ ಎಷ್ಟು ಅನ್ನೋದೇ ಈ ಪ್ರಮಾಣ. ಬಾಳಿಕೆಗೆ ಇದು ಸಾಮಾನ್ಯವಾಗಿ 0.1ರ ಆಸುಪಾಸು. ಆರಿಸಿದ ತಂದೆ-ತಾಯಿ ಸರಾಸರಿಗಿಂತ ಎಷ್ಟು ಮೇಲಿದ್ದಾರೋ ಅದನ್ನು ಈ ಪ್ರಮಾಣದಿಂದ ಗುಣಿಸಿದರೆ ಮುಂದಿನ ಪೀಳಿಗೆಗೆ ಸಿಗುವ ಲಾಭ ಗೊತ್ತಾಗುತ್ತೆ. ಅವರು 2 ಸೂಲು ಮೇಲಿದ್ದರೆ ಮಕ್ಕಳಿಗೆ ಸಿಗೋದು 0.2 ಸೂಲು. ಮಿಕ್ಕ ವ್ಯತ್ಯಾಸದ ದೊಡ್ಡ ಪಾಲು ಮೇವು, ನೆಲ, ರೋಗ, ಆರೈಕೆಯದ್ದು.

ಎರಡು, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತೆ. ಹಂದಿ ಎಷ್ಟು ದಿನ ಬಾಳಿತು ಅಂತ ಖಚಿತವಾಗೋದು ಅದು ಹೋದ ಮೇಲೆ. ಅಷ್ಟರಲ್ಲಿ ಅದರ ಮಗಳು, ಮೊಮ್ಮಗಳು ಮರಿ ಹಾಕಿರುತ್ತವೆ. ಗಂಡು ಹಂದಿಯ ವಿಷಯ ಇನ್ನೂ ಕಷ್ಟ: ಅದರ ಗುಣ ತಿಳಿಯಬೇಕಾದರೆ ಹೆಣ್ಣು ಮಕ್ಕಳ ಬಾಳಿಕೆಗೆ ಕಾಯಬೇಕು.

ಮೂರು, ದತ್ತಾಂಶ ಅಪೂರ್ಣ. ಇದು ನಮ್ಮ ಸಿಲಬಸ್‌ನ ವಿಷಯವೇ. 20 ಬೇರಿಂಗ್‌ಗಳನ್ನು 1000 ಗಂಟೆ ಓಡಿಸಿದಿರಿ, 13 ಕೆಟ್ಟವು, 7 ಇನ್ನೂ ತಿರುಗುತ್ತಿವೆ. ಆ ಏಳನ್ನು ಬಿಟ್ಟು ಸರಾಸರಿ ತೆಗೆದರೆ ಉತ್ತರ ತಪ್ಪು, ಯಾಕೆಂದರೆ ಗಟ್ಟಿಯಾಗಿದ್ದವನ್ನೇ ಬಿಟ್ಟ ಹಾಗಾಯ್ತು. ಮೂರನೇ ಸೂಲಿನಲ್ಲಿ ಇನ್ನೂ ಕೊಟ್ಟಿಗೆಯಲ್ಲಿರುವ ಹಂದಿಯೂ ಹಾಗೇ. ಅದಕ್ಕೇ ತಳಿ ವಿಜ್ಞಾನಿಗಳು ರಿಲಯಬಿಲಿಟಿ ಪಾಠದಲ್ಲಿ ನಾವು ಓದುವ ವೈಬುಲ್ ಮಾದರಿಯನ್ನೇ ಇಲ್ಲೂ ಬಳಸುತ್ತಾರೆ.

ಪರಿಹಾರದ ಒಂದು ದಾರಿಯನ್ನು ಕಾಫಿಯಲ್ಲೇ ನೋಡಬಹುದು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಎಸ್.288 ಮತ್ತು ಕೆಂಟ್ಸ್ ತಳಿಗಳನ್ನು ಸೇರಿಸಿ ಎಸ್.795 ಮಾಡಿದರು. ಕಾಫಿ ಗಿಡ ದಶಕಗಟ್ಟಲೆ ನಿಲ್ಲುತ್ತೆ. ಅಷ್ಟು ವರ್ಷ ಕಾದು ಗಿಡ ಆರಿಸೋಕಾಗಲ್ಲ. ಆದರೆ ಎಲೆ ತುಕ್ಕು ರೋಗ ತಡೆಯುವ ಶಕ್ತಿಯನ್ನು ಸಸಿಯಲ್ಲೇ ಪರೀಕ್ಷಿಸಬಹುದು. ಬಾಳಿಕೆಯ ಸುಳಿವನ್ನು ಎಳೆತನದಲ್ಲೇ ಹುಡುಕೋದು, ಅಷ್ಟೇ.

ಹಂದಿಯಲ್ಲಿ ಆ ಸುಳಿವು ಕಾಲು. ಎಳೆ ಹಂದಿಗಳು ಹಿಂಡು ಬಿಡಲು ಮುಖ್ಯ ಕಾರಣಗಳು ಎರಡು: ಬೆದೆಗೆ ಬಾರದಿರುವುದು ಅಥವಾ ಗಬ್ಬ ನಿಲ್ಲದಿರುವುದು ಮತ್ತು ಕುಂಟು. ಕಾಲಿನ ರಚನೆಯ ಹಲವು ಗುಣಗಳ ಅನುವಂಶೀಯತೆ ಬಾಳಿಕೆಗಿಂತ ಹೆಚ್ಚು, ಮೇಲಾಗಿ ಅವನ್ನು ಆರು ತಿಂಗಳಿಗೇ ಕಣ್ಣಾರೆ ನೋಡಬಹುದು. ನೆಟ್ಟಗೆ ಕಂಬದಂತಿರುವ ಹಿಂಗಾಲು, ಒಂದಕ್ಕೊಂದು ಸಮವಿಲ್ಲದ ಗೊರಸು ಇದ್ದರೆ ಆ ಮರಿ ಬೇಡ. ಮಳೆಗಾಲದಲ್ಲಿ ಒದ್ದೆಯಾಗಿ ಜಾರುವ ಮಲೆನಾಡಿನ ಕೊಟ್ಟಿಗೆಯಲ್ಲಿ ಇದನ್ನು ಮರೆಯುವಂತಿಲ್ಲ. ಬೇಗ ಬೆಳೆಯುವ, ಕೊಬ್ಬು ಕಡಿಮೆ ಇರುವ ಹಂದಿಯನ್ನಷ್ಟೇ ಆರಿಸುತ್ತಾ ಹೋದರೂ ಕಷ್ಟ. ಮೊದಲ ಸೂಲಿನಲ್ಲಿ ಹಾಲೂಡಿಸಿ ಬಡಕಲಾದ ಹಂದಿ ಮತ್ತೆ ಬೆದೆಗೆ ಬರೋದು ತಡವಾಗುತ್ತೆ.

ಆ ತಡದ ಬೆಲೆ ಎಷ್ಟು? ಗಬ್ಬ 114 ದಿನ, ಹಾಲೂಡಿಸುವುದು 28, ಮತ್ತೆ ಬೆದೆಗೆ 7: ಒಟ್ಟು 149 ದಿನ, ಅಂದರೆ ವರ್ಷಕ್ಕೆ 2.45 ಸೂಲು. ಪ್ರತಿ ಸಲವೂ 21 ದಿನದ ಒಂದು ಬೆದೆ ತಪ್ಪಿದರೆ ಅದು 2.15ಕ್ಕೆ ಇಳಿಯುತ್ತೆ.

ಎರಡನೇ ದಾರಿ ಮಿಶ್ರತಳಿ. ಅನುವಂಶೀಯತೆ ಕಡಿಮೆ ಇರುವ ಗುಣಗಳಲ್ಲೇ ಮಿಶ್ರತಳಿಯ ಹುರುಪು ಹೆಚ್ಚು ಕಾಣುತ್ತೆ. ಲಾರ್ಜ್ ವೈಟ್ ಯಾರ್ಕ್‌ಶೈರ್ ಮತ್ತು ಲ್ಯಾಂಡ್ರೇಸ್ ಸೇರಿಸಿ ಹುಟ್ಟಿದ ಹೆಣ್ಣನ್ನು ತಾಯಿಯಾಗಿ ಜಗತ್ತಿನಾದ್ಯಂತ ಬಳಸೋದು ಇದಕ್ಕೇ. ಇದರ ತದ್ವಿರುದ್ಧ ನಡೆಯೋದು ಊರಿಗೆಲ್ಲ ಒಂದೇ ಗಂಡು ಇದ್ದಾಗ. ಅಪ್ಪನನ್ನೇ ಮಗಳಿಗೆ ಬಿಟ್ಟರೆ ಹುಟ್ಟುವ ಮರಿಗಳ ಒಳಸಂತತಿ ಪ್ರಮಾಣ ಶೇ. 25. ಅಂಥ ಮರಿಗಳಲ್ಲಿ ಸಾವು ಹೆಚ್ಚು, ಉಳಿದ ಹೆಣ್ಣುಗಳು ಮುಂದೆ ಹಾಕುವ ಮರಿಗಳೂ ಕಡಿಮೆ. ಮೂರು ಹಂದಿ ಸಾಕಿದವರಿಗೆ ಇದು ಸಣ್ಣ ನಷ್ಟವಲ್ಲ.

ಇದಕ್ಕೆಲ್ಲ ಮೊದಲು ಬೇಕಾದ್ದು ಒಂದು ನೋಟ್‌ಬುಕ್ಕು: ಹಂದಿಯ ಗುರುತು, ತಂದೆ-ತಾಯಿ, ಪ್ರತಿ ಸೂಲಿನ ತಾರೀಕು, ಬದುಕಿದ ಮರಿಗಳು, ಹಿಂಡು ಬಿಟ್ಟ ದಿನ ಮತ್ತು ಕಾರಣ. ನೆಟ್‌ವರ್ಕ್ ಸಿಗದ ಕಡೆಯೂ ನಡೆಯುವಂಥ, ಕನ್ನಡದಲ್ಲೇ ಇರುವ ಒಂದು ಸರಳ ಆ್ಯಪ್‌ನಲ್ಲಿ ಇಷ್ಟನ್ನೂ ಹಿಡಿಸಬಹುದು. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಯೋಚನೆ ಮಾಡಿ. "ಕಾರಣ" ಅನ್ನೋ ಕಾಲಂ ಮಾತ್ರ ಬಿಡಬೇಡಿ. ಕುಂಟಿ ಹೋದದ್ದಕ್ಕೂ ಕಾಸಿನ ಅಡಚಣೆಗೆ ಮಾರಿದ್ದಕ್ಕೂ ವ್ಯತ್ಯಾಸ ತಿಳಿಯದಿದ್ದರೆ ಯಾವ ವೈಬುಲ್ಲೂ ನಮ್ಮನ್ನು ಕಾಪಾಡಲ್ಲ.