ಮೊಳ ಹಾಕಿಯೇ ತಗೋ

ಮುಂದಿನ ವಾರ ಯಾವುದೋ ಕಂಪನಿಯವರು ನಿಮ್ಮ ಕಾಲೇಜಿಗೆ ಬಂದು ಹಣಕಾಸಿನ ತಿಳಿವಳಿಕೆ, ಇಂಟರ್‌ವ್ಯೂ ತಯಾರಿ ಅಂತ ಕ್ಲಾಸು ತಗೊಳ್ತಾರಂತೆ. ಹೋಗೋದೋ ಬಿಡೋದೋ ಅಂತ ನಿಮ್ಮಪ್ಪನ್ನ ಕೇಳಿದೆಯಂತೆ. ಹೋಗಮ್ಮ, ತಪ್ಪಿಸಬೇಡ. ಆದರೆ ಬಿಸ್ಕತ್ತು, ಸರ್ಟಿಫಿಕೇಟು, ಗ್ರೂಪ್ ಫೋಟೋಗೆ ಅಂತ ಹೋಗಬೇಡ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅಂತ ನಿಮ್ಮಜ್ಜಿ ಆಡಿಕೊಳ್ಳೋಳು. ಈ ವಿಷಯದಲ್ಲಿ ಮಾತ್ರ ಅಜ್ಜಿ ಮಾತು ಕೇಳಬೇಡ. ಮೊಳ ಹಾಕು, ಹಿತ್ತಲಲ್ಲೂ ಅಲ್ಲ, ಅವರೆದುರೇ ಹಾಕು. ಯಾಕಂದ್ರೆ ಇದು ಧರ್ಮದ ದಟ್ಟಿಯಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಇದೆ. ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನಾದರೂ ಸಮಾಜದ ಕೆಲಸಕ್ಕೆ ಹಾಕಲೇಬೇಕು. ಶಿಕ್ಷಣ, ಉದ್ಯೋಗ ಕೌಶಲ ಎರಡೂ ಅಂಥ ಕೆಲಸಗಳ ಪಟ್ಟಿಯಲ್ಲಿವೆ. ಸಿಎಸ್‌ಆರ್ ಅಂತ ಬ್ಯಾನರಿನಲ್ಲಿ ಹಾಕಿರ್ತಾರಲ್ಲ, ಅದೇ.

ಸಿಎಸ್‌ಆರ್ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಬಹಳ ಜನಕ್ಕೆ ಗೊತ್ತಿಲ್ಲ. ತಮ್ಮ ಸರಕಿನ ಪ್ರಚಾರಕ್ಕಾಗಿ ಪ್ರಾಯೋಜಿಸಿದ ಕಾರ್ಯಕ್ರಮವನ್ನು ಸಿಎಸ್‌ಆರ್ ಲೆಕ್ಕಕ್ಕೆ ತೋರಿಸುವ ಹಾಗಿಲ್ಲ. ಉಳಿತಾಯದ ಪಾಠ ಮುಗಿಯೋ ಹೊತ್ತಿಗೆ ‘ಆಧಾರ್ ನಂಬರ್ ಹೇಳಿ, ಈ ಆ್ಯಪ್ ಹಾಕ್ಕೊಳ್ಳಿ, ಒಟಿಪಿ ಬಂತಾ?’ ಅಂತ ಶುರುವಾದರೆ ಅದು ಪಾಠವಲ್ಲ, ವ್ಯಾಪಾರ. ಮನೇಲಿ ಕೇಳಿ ಹೇಳ್ತೀನಿ ಅಂತ ಎದ್ದು ಬಾ.

ಎಲ್ಲರೂ ಹಾಗೇ ಅಂತಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆ ಕಟ್ಟಿದರು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸೋ ಆರ್‌ಸೆಟಿ ತರಬೇತಿ ಕೇಂದ್ರಗಳಿಗೆ ಅದೇ ಮಾದರಿ. ಅದರ ಗುಟ್ಟು ಭಾಷಣದಲ್ಲಿರಲಿಲ್ಲ. ಕಲಿತು ಹೋದವರನ್ನು ಆಮೇಲೂ ವಿಚಾರಿಸಿಕೊಳ್ತಿದ್ದರು, ಬ್ಯಾಂಕಿನ ಸಾಲ ಸಿಗೋವರೆಗೂ ಜೊತೆಗಿರ್ತಿದ್ದರು. ಹಾಗಾಗಿ ನಿಮ್ಮ ಕ್ಲಾಸಿನವರನ್ನೂ ಕೇಳು: ‘ಮೂರು ತಿಂಗಳಾದ ಮೇಲೆ ಏನಾದರೂ ತಿಳೀದೇ ಹೋದರೆ ಯಾರಿಗೆ ಫೋನ್ ಮಾಡಲಿ, ಸರ್?’ ಉತ್ತರ ತಡವರಿಸಿದರೆ ಅವರ ಆಸಕ್ತಿ ಫೋಟೋದವರೆಗೆ ಮಾತ್ರ ಅಂತ ತಿಳ್ಕೋ.

ಇನ್ನು ಅಲ್ಲಿ ಏನು ಕಲೀಬೇಕು? ಟೈ ಕಟ್ಟೋದು, ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಲ್ಲ ಹೇಗೋ ಬರತ್ತೆ. ಒಂದು ಪೇ ಸ್ಲಿಪ್ಪನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ ಅಂತ ಪಟ್ಟು ಹಿಡಿ. ಸಿಟಿಸಿ, ಅಂದರೆ ಕಂಪನಿ ನಿನಗಾಗಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು, 2,40,000 ಅಂದ ತಕ್ಷಣ ನಮ್ಮ ಹುಡುಗರು ತಿಂಗಳಿಗೆ 20,000 ಅಂತ ಲೆಕ್ಕ ಹಾಕಿ ಬೈಕು ಬುಕ್ ಮಾಡಿಬಿಡ್ತಾರೆ. ಮೂಲ ವೇತನ 12,000 ಅಂತಿಟ್ಟುಕೋ. ಕಂಪನಿ ಕಟ್ಟೋ ಪಿಎಫ್ ಶೇ 12, ಅಂದರೆ 1,440. ಅದು ಆ 20,000ದ ಒಳಗೇ ಇರತ್ತೆ. ಗ್ರಾಚ್ಯುಟಿಗೆ ಅಂತ ಸುಮಾರು 577 ತೆಗೆದಿಟ್ಟಿರ್ತಾರೆ, ಇಎಸ್‌ಐಗೆ ಕಂಪನಿ ಪಾಲು ಶೇ 3.25. ಉಳಿದ ಹದಿನೇಳು ಸಾವಿರದ ಚಿಲ್ಲರೆಯಲ್ಲಿ ನಿನ್ನ ಪಾಲಿನ ಪಿಎಫ್ ಮತ್ತೆ 1,440, ಇಎಸ್‌ಐ ಶೇ 0.75. ಕೈಗೆ ಬರೋದು 15,850ರ ಆಸುಪಾಸು. ಬೆಂಗಳೂರಲ್ಲಿ ಪಿಜಿ ಬಾಡಿಗೆ ಕೊಟ್ಟ ಮೇಲೆ ಇಎಂಐಗೆ ಎಷ್ಟು ಉಳಿಯತ್ತೆ, ನೀನೇ ನೋಡು.

ಹಾಗಂತ ಮೋಸ ಅಂದುಕೋಬೇಡ. ಪಿಎಫ್ ನಿನ್ನದೇ ದುಡ್ಡು. ಕಂಪನಿ ಪಾಲಿನಲ್ಲಿ 1,000ದಷ್ಟು ಪಿಂಚಣಿಗೆ, ಮಿಕ್ಕಿದ್ದು ನಿನ್ನ ಪಿಎಫ್ ಖಾತೆಗೆ. ಕೆಲಸ ಬದಲಾದಾಗ ಅದೇ ಯುಎಎನ್, ಅಂದರೆ ನಿನ್ನ ಪಿಎಫ್ ನಂಬರ್, ಕೊಟ್ಟು ಮುಂದುವರಿಸು. ಪ್ರತಿ ಸಲ ಬಿಡಿಸಿಕೊಂಡು ಮೊಬೈಲ್ ತಗೊಳ್ಳೋರನ್ನು ನೋಡಿದರೆ ನನಗೆ ಹೊಟ್ಟೆ ಉರಿಯತ್ತೆ.

ಅಪ್ರೆಂಟಿಸ್ ಅಂತ ಕರೆದರೂ ಹೋಗು, ಕೈಗೆ ಕೆಲಸ ಹತ್ತತ್ತೆ. ಆದರೆ 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನೀನು ಅಲ್ಲಿ ತರಬೇತಿಯವಳು, ನೌಕರಳಲ್ಲ. ಸ್ಟೈಪೆಂಡ್ ಬರತ್ತೆ, ಪಿಎಫ್ ಇರಲ್ಲ, ಮುಗಿದ ಮೇಲೆ ಕೆಲಸ ಕೊಡಲೇಬೇಕು ಅನ್ನೋ ಕಡ್ಡಾಯವೂ ಇಲ್ಲ. ‘ಹೋದ ವರ್ಷದ ಬ್ಯಾಚಿನಲ್ಲಿ ಎಷ್ಟು ಜನರನ್ನ ತಗೊಂಡ್ರಿ?’ ಅಂತ ಮೊದಲೇ ಕೇಳು. ಕೇಳಿದ್ದಕ್ಕೆ ಯಾರೂ ಹೆಸರು ಹೊಡೆದು ಹಾಕಲ್ಲ.

ಯಾರಾದರೂ ಗೆಳೆಯರು ‘ನಿನ್ನ ಅಕೌಂಟು ಎರಡು ದಿನ ಕೊಡು, ಕಮಿಷನ್ ಕೊಡ್ತೀವಿ’ ಅಂದರೆ ಮಾತ್ರ ಖಡಾಖಂಡಿತ ಬೇಡ ಅನ್ನು. ಸೈಬರ್ ವಂಚನೆಯ ದುಡ್ಡು ಆ ದಾರಿಯಲ್ಲೇ ಹೋಗೋದು, ಪೊಲೀಸರು ಮೊದಲು ಹುಡುಕಿಕೊಂಡು ಬರೋದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನು. ಇದನ್ನೂ ಕ್ಲಾಸಿನಲ್ಲಿ ಕೇಳಿ ತಿಳ್ಕೋ, ಗೆಳತಿಯರಿಗೂ ಕೇಳಿಸಲಿ.

ಆಫರ್ ಲೆಟರ್ ಬಂದಾಗ ಸೈನ್ ಹಾಕೋಕೆ ಮುಂಚೆ ದೊಡ್ಡಪ್ಪನಿಗೆ ವಾಟ್ಸ್ಯಾಪ್ ಮಾಡು, ಕೂತು ಓದೋಣ. ಪಿಡಿಎಫ್ಫೇ ಕಳಿಸು, ಫೋಟೋ ತೆಗೆದು ಕಳಿಸಿದರೆ ನನಗೆ ಅಕ್ಷರ ಕಾಣಲ್ಲ.