ಬೂಷ್ಟು ಹಿಡಿದ ಮೆಕ್ಕೆಜೋಳ ಮತ್ತು ಕ್ಯಾನ್ಸರ್ ಪಟ್ಟಿ

ಕಳೆದ ತಿಂಗಳು ಜಗಳೂರು ಕಡೆಯ ಒಂದು ಮಹಿಳಾ ಸಂಘದಲ್ಲಿ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ, ಒಬ್ಬ ಅಕ್ಕ ಮೊಬೈಲ್ ತಂದು ನನ್ನ ಮುಂದೆ ಹಿಡಿದರು. “ಡಾಕ್ಟ್ರೇ, ಹಾಲಿನಿಂದ ಕ್ಯಾನ್ಸರ್ ಬರ್ತೈತಂತೆ. ಮೊಮ್ಮಗಳಿಗೆ ಕೊಡ್ಲೋ ಬ್ಯಾಡೋ?” ಅದೇ ಹಳೆಯ ಸಂದೇಶ: ಕಲಬೆರಕೆ ಹಾಲಿನಿಂದ 2025ರ ಹೊತ್ತಿಗೆ ಭಾರತದ ನೂರಕ್ಕೆ 87 ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಂತೆ. ಸಂಸ್ಥೆ ಹಾಗೆ ಹೇಳೇ ಇಲ್ಲ. ಅದು ಸುಳ್ಳು ಎಂದು ಸರ್ಕಾರವೂ ಸ್ಪಷ್ಟಪಡಿಸಿದೆ. ಮೊಮ್ಮಗಳಿಗೆ ಹಾಲು ಕೊಡಿ ಎಂದೆ.

ಆದರೆ ಅಲ್ಲಿಗೇ ಮಾತು ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದಂತೆ. ಹಾಲಿಗೆ ಸೇರಬಹುದಾದ, ಕ್ಯಾನ್ಸರ್ ತರುವ ವಸ್ತು ಒಂದಿದೆ. ಅದನ್ನು ಯಾರೂ ಬೆರೆಸುವುದಿಲ್ಲ. ಅದು ನಮ್ಮ ಮನೆಯ ಮೂಲೆಯಲ್ಲಿರುವ ಮೆಕ್ಕೆಜೋಳದ ಚೀಲದಿಂದ, ಶೇಂಗಾ ಹಿಂಡಿಯಿಂದ ಹಸುವಿನ ಹೊಟ್ಟೆಗೆ ಹೋಗಿ ಕೆಚ್ಚಲಿಗೆ ಬರುತ್ತದೆ. ಹೆಸರು ಅಫ್ಲಾಟಾಕ್ಸಿನ್.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಹಾಲಿನ 6,432 ಮಾದರಿ ಪರೀಕ್ಷಿಸಿತು. ಕುಡಿಯಲು ಅಪಾಯ ಎನ್ನುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ. ನಾವೆಲ್ಲ ಯೂರಿಯಾ, ಸೋಪಿನಪುಡಿ ಎಂದು ಮಾತಾಡುತ್ತಿದ್ದಾಗ ನಿಜವಾದ ತೊಂದರೆ ಮೇವಿನಲ್ಲಿತ್ತು.

ಈಗ ಆ ‘ಪಟ್ಟಿ’ಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಯಾವ ವಸ್ತು ಕ್ಯಾನ್ಸರ್ ತರಬಲ್ಲದು ಎಂದು ಪರಿಶೀಲಿಸಿ ಗುಂಪು ಮಾಡುವುದು ಅದರ ಕೆಲಸಗಳಲ್ಲೊಂದು. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವು 1ನೇ ಗುಂಪು. ಬಹುಮಟ್ಟಿಗೆ ತರಬಹುದು ಎನ್ನುವಂಥವು 2ಎ. ತರುವ ಸಾಧ್ಯತೆಯಿದೆ, ಸಾಕ್ಷ್ಯ ಸಾಲದು ಎನ್ನುವಂಥವು 2ಬಿ. ಏನೂ ಹೇಳಲಾಗದವು 3. ತಂಬಾಕು, ಮದ್ಯ, ಬಿಸಿಲು, ಅಫ್ಲಾಟಾಕ್ಸಿನ್ ಎಲ್ಲವೂ 1ನೇ ಗುಂಪಿನಲ್ಲಿವೆ. ಸೌದೆ ಒಲೆಯ ಹೊಗೆ 2ಎ. ಮೊಬೈಲಿನ ತರಂಗ 2ಬಿ. ಕಾಫಿ 2016ರಿಂದ 3ನೇ ಗುಂಪಿನಲ್ಲಿದೆ. ಆದರೆ 65 ಡಿಗ್ರಿಗಿಂತ ಹೆಚ್ಚು ಕುದಿಬಿಸಿಯಾಗಿ ಕುಡಿಯುವುದು, ಚಹಾ ಆದರೂ ಸರಿ ಕಾಫಿ ಆದರೂ ಸರಿ, 2ಎ.

ಚನ್ನಗಿರಿಯ ಅಕ್ಕಂದಿರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅಡಿಕೆಯೂ 1ನೇ ಗುಂಪಿನಲ್ಲೇ ಇದೆ. ಅಗಿಯುವವರ ಬಾಯಿ ಕ್ಯಾನ್ಸರ್ ನೋಡಿ ಹಾಗೆ ನಿರ್ಧರಿಸಿದ್ದಾರೆ. ತೋಟ ಇರುವವರಿಗೆ ಇದು ಕೇಳಲು ಕಷ್ಟದ ಮಾತು, ಗೊತ್ತು. ಆದರೂ ಮುಚ್ಚಿಡುವುದು ಸರಿಯಲ್ಲ.

ಎಲ್ಲರೂ ತಪ್ಪು ತಿಳಿಯುವ ಜಾಗ ಒಂದಿದೆ. ಗುಂಪಿನ ಅಂಕಿ ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಕೋಳಿ ಕದ್ದವನ ಕಳ್ಳತನವೂ ರುಜುವಾತಾಗಬಹುದು, ಹಸು ಕದ್ದವನದೂ ರುಜುವಾತಾಗಬಹುದು. ರುಜುವಾತು ಒಂದೇ, ನಷ್ಟ ಒಂದೇ ಅಲ್ಲ. ಹಾಗೆಯೇ ಒಂದು ಎತ್ತು ಹಾಯುತ್ತದೆ ಎಂದು ಊರಿಗೆಲ್ಲ ಗೊತ್ತಿರಬಹುದು. ಅದು ನಿಮಗೆ ಹಾಯುತ್ತದೆಯೇ ಎಂಬುದು ಹಗ್ಗ ಗಟ್ಟಿಯಿದೆಯೇ, ನೀವು ಎಷ್ಟು ಹತ್ತಿರ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ಅಫ್ಲಾಟಾಕ್ಸಿನ್ ಹಾಯುವ ಎತ್ತು ಎಂಬುದು ಖಚಿತ. ಹಗ್ಗ ಮಾತ್ರ ನಮ್ಮ ಕೈಯಲ್ಲಿದೆ.

ಹೇಗೆ ಎಂದು ಒಂದು ಲೆಕ್ಕ ಹಾಕೋಣ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಹಸು ತಿಂದ ಅಫ್ಲಾಟಾಕ್ಸಿನ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಹಾಲಿಗೆ ಇಳಿಯುತ್ತದೆ, ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಇನ್ನೂ ಹೆಚ್ಚು. ಕೆ.ಜಿ.ಗೆ 20 ಮೈಕ್ರೋಗ್ರಾಂ ಇರುವ ಪಶು ಆಹಾರ ದಿನಕ್ಕೆ 2 ಕೆ.ಜಿ. ತಿಂದರೆ 40 ಆಯಿತು. ನೂರಕ್ಕೆ ಎರಡರಂತೆ ಹಾಲಿಗೆ ಬರುವುದು 0.8. ಹತ್ತು ಲೀಟರ್‌ಗೆ ಹಂಚಿದರೆ ಲೀಟರ್‌ಗೆ 0.08. ಕಾನೂನಿನ ಮಿತಿ ಕೆ.ಜಿ. ಹಾಲಿಗೆ 0.5. ಚಿಂತೆಯಿಲ್ಲ. ಅದೇ ಹಸುವಿಗೆ ಕೆ.ಜಿ.ಗೆ 200 ಇರುವ ಬೂಷ್ಟು ಜೋಳ 2 ಕೆ.ಜಿ. ಹಾಕಿದಿರೋ, ಲೀಟರ್‌ಗೆ 0.8. ಹಸು ಅದೇ, ಹಾಲು ಕರೆದ ಕೈ ಅದೇ. ಒಂದು ಚೀಲ ಬದಲಾಯಿತು, ಅಷ್ಟೇ. ಕಾಯಿಸಿದರೆ ಇದು ಹೋಗುವುದಿಲ್ಲ. ಮೊಸರು ಮಾಡಿದರೂ ಉಳಿಯುತ್ತದೆ.

1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಭಾಗದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಜೋಳ ತಿಂದ ನಾಯಿಗಳೂ ಸತ್ತವು. ಅದು ಒಮ್ಮೆಲೇ ಬಹಳ ವಿಷ ಸೇರಿದಾಗ ಆಗುವುದು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಸೇರಿದರೆ ಯಕೃತ್ತಿನ ಕ್ಯಾನ್ಸರ್. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಈ ಅಪಾಯ ಹಲವು ಪಟ್ಟು ಹೆಚ್ಚು. ಮನೆಯಲ್ಲಿ ಹಸುಗೂಸು ಇದ್ದರೆ ಆ ಲಸಿಕೆ ತಪ್ಪಿಸಬೇಡಿ.

ನಮ್ಮದು ಮೆಕ್ಕೆಜೋಳದ ಜಿಲ್ಲೆ. ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯುತ್ತದೆ. ರಸ್ತೆಯಲ್ಲಿ ಹರವಿದ್ದು ನೆನೆಯುತ್ತದೆ. ಒಳ್ಳೆಯದು ಮಾರಾಟಕ್ಕೆ, ಕಪ್ಪಾಗಿದ್ದು ಹಸುವಿಗೆ ಎಂಬುದು ಎಷ್ಟೋ ಮನೆಗಳ ಪದ್ಧತಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ನ್ಯಾಮತಿ ಕಡೆ ಒಬ್ಬರಿಗೆ “ಬಿಸಿಲಿಗೆ ಹಾಕಿ ಒದರಿ ಕೊಡಿ, ಏನಾಗಲ್ಲ” ಎಂದಿದ್ದೆ. ತಪ್ಪು ಹೇಳಿದ್ದೆ. ಬಿಸಿಲಿಗೆ ಬೂಷ್ಟು ಉದುರುತ್ತದೆ, ಕಾಳಿನೊಳಗೆ ಸೇರಿದ ವಿಷ ಉಳಿಯುತ್ತದೆ. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಹಸು ಮೇಲ್ನೋಟಕ್ಕೆ ಚೆನ್ನಾಗಿಯೇ ಇರಬಹುದು. ಕೆಲವು ಮೇವು ಬಿಡುತ್ತವೆ, ಹಾಲು ಇಳಿಸುತ್ತವೆ. ಕರುಗಳು ಬೇಗ ಸೊರಗುತ್ತವೆ.

ಹಾಗಾದರೆ ಆ ಚೀಲ ಏನು ಮಾಡುವುದು? ಹಸಿರು, ಹಳದಿ ಪುಡಿ ಕಂಡರೆ, ಮುಗ್ಗು ವಾಸನೆ ಬಂದರೆ ಮೂಗಿಗೆ ಸೆರಗು ಕಟ್ಟಿಕೊಂಡು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಕೋಳಿಗೆ ಹಾಕಬೇಡಿ, ಅವಕ್ಕೆ ಇನ್ನೂ ಬೇಗ ತಾಗುತ್ತದೆ. ಗಿರಣಿಗೆ ಕಳಿಸಬೇಡಿ, ಅಗ್ಗಕ್ಕೆ ಪಕ್ಕದ ಮನೆಗೂ ಕೊಡಬೇಡಿ. ದುಡ್ಡು ಹೋಯಿತು ಎಂದು ಹೊಟ್ಟೆ ಉರಿಯುತ್ತದೆ, ನಿಜ. ಗೊತ್ತಿಲ್ಲದೆ ಹಾಕಿಬಿಟ್ಟಿದ್ದರೆ ಇವತ್ತೇ ನಿಲ್ಲಿಸಿ. ಮೂರ್ನಾಲ್ಕು ದಿನದಲ್ಲಿ ಹಾಲು ತಿಳಿಯಾಗುತ್ತದೆ. ಆ ದಿನಗಳ ಹಾಲು ಮಕ್ಕಳಿಗೆ ಬೇಡ; ಡೇರಿಗೆ ಹಾಕುವ ಮೊದಲು ಕಾರ್ಯದರ್ಶಿಗೋ ನಮಗೋ ಒಂದು ಮಾತು ತಿಳಿಸಿ.

ಚೀಲಗಳನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ಪಶು ಆಹಾರ ತಿಂಗಳಿಗೆ ಬೇಕಾದಷ್ಟೇ ತನ್ನಿ, ಮೊದಲು ತಂದಿದ್ದು ಮೊದಲು ಖಾಲಿಯಾಗಲಿ. ಹೊನ್ನಾಳಿ ಕಡೆ ಭತ್ತದ ಹುಲ್ಲಿನ ಬಣವೆ ಒಳಗೆ ಕಪ್ಪಾಗಿದ್ದರೆ ಆ ಭಾಗ ಕಿತ್ತು ಬಿಸಾಡಿ. ರಸಮೇವಿನ ಮೇಲ್ಪದರಕ್ಕೂ ಇದೇ ಮಾತು.

ಜೋಳ ಒಣಗಿದೆಯೇ ಎಂದು ನೋಡಲು ಯಂತ್ರ ಬೇಕಿಲ್ಲ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ತೇವ ಇದೆ ಎಂದರ್ಥ, ಇನ್ನೂ ಬಿಸಿಲು ಬೇಕು. ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಜೋಳ ಒಂದು ಹಿಡಿ ಸೆರಗಿನಲ್ಲಿ ಕಟ್ಟಿಕೊಂಡು ಬನ್ನಿ. ಬಾಟಲಿ, ಉಪ್ಪು ನಾನು ತರುತ್ತೇನೆ.